‘ಇನ್‌ಸ್ಟಂಟ್’ ಎಂದರೆ ತಕ್ಷಣ ಫಲಿಸುವ ಮಂತ್ರವಲ್ಲ: ಮ್ಯಾಜಿಕ್ ಕಾರ್ಡಿನ ಒಂದು ಪದ, ಅದರ ಸುತ್ತಲಿನ ಗೊಂದಲ

ಸಿಡಿಲು, ಬೆಂಕಿ, ತಲೆಬುರುಡೆಯ ಚಿತ್ರವಿರುವ ಒಂದು ಕಾರ್ಡು. ನಡುವಿನ ಸಾಲಿನಲ್ಲಿ ‘ಇನ್‌ಸ್ಟಂಟ್’ ಅಥವಾ ‘ಸಾರ್ಸರಿ’ ಎಂದು ಅಚ್ಚಾಗಿದೆ. ಮಗನನ್ನು ಕೇಳಿದರೆ ಇದು ‘ಸ್ಪೆಲ್’ ಅನ್ನುತ್ತಾನೆ. ಫೋನಿನಲ್ಲಿ ಅರ್ಥ ಹುಡುಕಿದರೆ ಸ್ಪೆಲ್ ಎಂದರೆ ಮಂತ್ರ, ಮಾಟ. ಸಾರ್ಸರಿ ಎಂದರೆ ವಾಮಾಚಾರ. ಇಷ್ಟು ಸಾಕು. ಕಾರ್ಡಿನ ಫೋಟೊ ‘ನಿಮ್ಮ ಮಕ್ಕಳ ಬ್ಯಾಗ್ ನೋಡಿ’ ಎಂಬ ಸಾಲಿನೊಂದಿಗೆ ಫ್ಯಾಮಿಲಿ ಗ್ರೂಪಿನಿಂದ ಅಪಾರ್ಟ್‌ಮೆಂಟ್ ಗ್ರೂಪಿಗೆ, ಅಲ್ಲಿಂದ ಶಾಲೆಯ ಪೋಷಕರ ಗ್ರೂಪಿಗೆ ಹೊರಟುಬಿಡಬಹುದು. ಮಗು ವರ್ಷವಿಡೀ ಕೂಡಿಟ್ಟ ಕಾರ್ಡುಗಳು ಕಸದ ಬುಟ್ಟಿ ಸೇರಬಹುದು.

ಆಟ ಆಡುವವರಲ್ಲಿಯೂ ಈ ಪದದ ಬಗ್ಗೆ ಇನ್ನೊಂದು ಬಗೆಯ ತಪ್ಪು ತಿಳಿವಳಿಕೆ ಇದೆ. ‘ಇನ್‌ಸ್ಟಂಟ್’ ಎಂದರೆ ಇನ್‌ಸ್ಟಂಟ್ ಕಾಫಿಯ ಹಾಗೆ, ಹಾಕಿದ ಕೂಡಲೇ ಕೆಲಸ ಮುಗಿಯಿತು, ಎದುರಾಳಿ ಏನೂ ಮಾಡುವಂತಿಲ್ಲ ಎಂದು ಹೊಸಬರು ನಂಬುತ್ತಾರೆ. ಅದೂ ಸರಿಯಲ್ಲ. ಈ ಎರಡೂ ಗೊಂದಲಗಳಿಗೆ ಉತ್ತರ ಒಂದೇ ಕಡೆ ಇದೆ: ಆ ಪದ ಆಟದೊಳಗೆ ನಿಜವಾಗಿ ಏನು ಕೆಲಸ ಮಾಡುತ್ತದೆ ಎಂಬುದರಲ್ಲಿ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಯಾವ ಆಟ ಇದು?

‘ಮ್ಯಾಜಿಕ್: ದಿ ಗ್ಯಾದರಿಂಗ್’. 1993ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್. ಇವರು ಮಂತ್ರವಾದಿಯಲ್ಲ, ಗಣಿತದವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾಂಬಿನೇಟೋರಿಕ್ಸ್ ಎಂಬ ವಿಭಾಗದಲ್ಲಿ, ಅಂದರೆ ಎಣಿಕೆ ಮತ್ತು ಜೋಡಣೆಗಳ ಗಣಿತದಲ್ಲಿ, ಡಾಕ್ಟರೇಟ್ ಪಡೆದವರು. ಮೊದಲು ಅವರು ಬೇರೊಂದು ಬೋರ್ಡ್ ಆಟ ಹಿಡಿದುಕೊಂಡು ‘ವಿಝಾರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಣ್ಣ ಕಂಪನಿಯ ಪೀಟರ್ ಆಡ್ಕಿಸನ್ ಅವರ ಬಳಿ ಹೋಗಿದ್ದರು. ಅದನ್ನು ತಯಾರಿಸಲು ಖರ್ಚು ಜಾಸ್ತಿ. ಜೇಬಿನಲ್ಲಿ ಹಿಡಿಸುವ, ಬಿಡುವಿನಲ್ಲಿ ಬೇಗ ಆಡಿ ಮುಗಿಸಬಹುದಾದ ಆಟ ಇದ್ದರೆ ಹೇಳಿ ಎಂದು ಆಡ್ಕಿಸನ್ ಕೇಳಿದರು. ಹಾಗೆ ಹುಟ್ಟಿದ್ದು ಮ್ಯಾಜಿಕ್. ಮೊದಲ ಮುದ್ರಣದಲ್ಲಿ ಇದ್ದದ್ದು 295 ಕಾರ್ಡುಗಳು. ಇವತ್ತು ಬೇರೆಬೇರೆ ಕಾರ್ಡುಗಳ ಸಂಖ್ಯೆ 25,000 ದಾಟಿದೆ. 1999ರಿಂದ ಇದರ ಒಡೆತನ ಆಟಿಕೆ ಕಂಪನಿ ಹ್ಯಾಸ್‌ಬ್ರೋದ್ದು.

ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಆಡುತ್ತಾರೆ. ಇಲ್ಲಿ ಹಾಗಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಕಟ್ಟನ್ನು ಮನೆಯಲ್ಲೇ ಜೋಡಿಸಿಕೊಂಡು ಬರುತ್ತಾರೆ. ಸಾಮಾನ್ಯವಾಗಿ ಕನಿಷ್ಠ 60 ಕಾರ್ಡು, ಒಂದೇ ಹೆಸರಿನದು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಶುರುವಿನಲ್ಲಿ ಕೈಯಲ್ಲಿ ಏಳು ಕಾರ್ಡು, ಲೆಕ್ಕದಲ್ಲಿ 20 ಪ್ರಾಣ. ಎದುರಾಳಿಯ ಪ್ರಾಣವನ್ನು ಸೊನ್ನೆಗೆ ಇಳಿಸಿದವರು ಗೆದ್ದ ಹಾಗೆ. ಪ್ರತಿ ಸರದಿಯಲ್ಲಿ ಒಂದು ‘ಲ್ಯಾಂಡ್’ ಕಾರ್ಡು, ಅಂದರೆ ಬಯಲು, ದ್ವೀಪ, ಜೌಗು, ಬೆಟ್ಟ ಅಥವಾ ಕಾಡು, ಮೇಜಿನ ಮೇಲಿಡಬಹುದು. ಆ ಲ್ಯಾಂಡನ್ನು ಅಡ್ಡಕ್ಕೆ ತಿರುಗಿಸಿದರೆ ‘ಮಾನಾ’ ಸಿಗುತ್ತದೆ. ಮಾನಾ ಎಂದರೆ ಆಟದ ಚಿಲ್ಲರೆ ಕಾಸು. ಉಳಿದ ಕಾರ್ಡುಗಳನ್ನು ಹಾಕಲು ಈ ಕಾಸು ಕೊಡಬೇಕು. ಎಷ್ಟು, ಯಾವ ಬಣ್ಣದ್ದು ಎಂಬುದು ಕಾರ್ಡಿನ ಬಲ ಮೇಲ್ತುದಿಯಲ್ಲಿ ಅಚ್ಚಾಗಿರುತ್ತದೆ.

ಇನ್ನು ‘ಸ್ಪೆಲ್’ ಎಂಬ ಪದ. ಲ್ಯಾಂಡ್ ಬಿಟ್ಟು ಉಳಿದ ಯಾವುದೇ ಕಾರ್ಡನ್ನು ಕಾಸು ಕೊಟ್ಟು ಹಾಕಿದಾಗ, ಅದು ಜಾರಿಗೆ ಬರುವವರೆಗೂ ಅದರ ಹೆಸರು ಸ್ಪೆಲ್. ಕರಡಿಯ ಕಾರ್ಡು ಹಾಕಿದರೆ ಆ ಕರಡಿಯೂ ಆ ಕ್ಷಣಕ್ಕೆ ಒಂದು ಸ್ಪೆಲ್ಲೇ. ಕತ್ತಿಯ ಕಾರ್ಡೂ ಸ್ಪೆಲ್ಲೇ. ಅಂದರೆ ‘ಇನ್ನೂ ಇತ್ಯರ್ಥವಾಗದ, ಹಾಕಿದ ಕಾರ್ಡು’ ಎಂಬುದಕ್ಕೆ ಇಟ್ಟ ಒಂದು ಹೆಸರು ಅಷ್ಟೆ. ಕನ್ನಡಕ್ಕೆ ಬಂದಾಗ ‘ಮಂತ್ರ’ ಆಗಿ, ಮಂತ್ರದ ಜೊತೆ ನಮ್ಮ ಮನೆಗಳಲ್ಲಿ ಇರುವ ಪೂಜೆ, ಹೋಮ, ಮಾಟ ಎಲ್ಲ ನೆನಪೂ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದು ಕಾಲ್ಪನಿಕ ಕಥೆಯ ಬಣ್ಣ. ಚದುರಂಗದಲ್ಲಿ ಆನೆ, ಕುದುರೆ, ಮಂತ್ರಿ ಇದ್ದ ಹಾಗೆ.

ಎರಡು ಬಗೆ, ಒಂದೇ ವ್ಯತ್ಯಾಸ

ಕರಡಿ, ಕತ್ತಿಯಂಥ ಕಾರ್ಡುಗಳು ಜಾರಿಯಾದ ಮೇಲೆ ಮೇಜಿನ ಮೇಲೆ ಉಳಿಯುತ್ತವೆ. ಇನ್‌ಸ್ಟಂಟ್ ಮತ್ತು ಸಾರ್ಸರಿ ಮಾತ್ರ ಹಾಗಲ್ಲ. ಒಮ್ಮೆ ಕೆಲಸ ಮಾಡುತ್ತವೆ, ನಂತರ ‘ಗ್ರೇವ್‌ಯಾರ್ಡ್’ ಎಂಬ ರಾಶಿಗೆ ಹೋಗುತ್ತವೆ. (ಹೌದು, ಸ್ಮಶಾನ. ಬಳಸಿ ಮುಗಿದ ಕಾರ್ಡುಗಳ ರಾಶಿಗೆ ಇಟ್ಟ ಹೆಸರು. ಇದೂ ಫಾರ್ವರ್ಡ್‌ಗೆ ಒಳ್ಳೆಯ ಸಾಮಗ್ರಿಯೇ.)

ಹಾಗಾದರೆ ಈ ಎರಡರ ನಡುವೆ ವ್ಯತ್ಯಾಸ ಏನು? ಶಕ್ತಿಯಲ್ಲಿ ಅಲ್ಲ, ಕೆಡುಕಿನಲ್ಲಿ ಅಲ್ಲ, ವೇಗದಲ್ಲಿಯೂ ಅಲ್ಲ. ಯಾವಾಗ ಹಾಕಬಹುದು ಎಂಬುದರಲ್ಲಿ. ಸಾರ್ಸರಿಯನ್ನು ನಿಮ್ಮ ಸರದಿಯಲ್ಲಿ ಮಾತ್ರ ಹಾಕಬಹುದು. ಅದೂ ‘ಮೇನ್ ಫೇಸ್’ ಎಂಬ ಹಂತದಲ್ಲಿ, ಬೇರೆ ಯಾವ ಕಾರ್ಡೂ ಇತ್ಯರ್ಥಕ್ಕೆ ಬಾಕಿ ಇಲ್ಲದಾಗ. ಇನ್‌ಸ್ಟಂಟಿಗೆ ಈ ಕಟ್ಟುಪಾಡು ಇಲ್ಲ. ಎದುರಾಳಿಯ ಸರದಿಯಲ್ಲಿ ಹಾಕಬಹುದು, ಕಾಳಗದ ಮಧ್ಯೆ ಹಾಕಬಹುದು, ಎದುರಾಳಿ ಈಗಷ್ಟೇ ಹಾಕಿದ ಕಾರ್ಡಿಗೆ ಉತ್ತರವಾಗಿಯೂ ಹಾಕಬಹುದು. ಒಂದೆರಡು ಸಣ್ಣ ಘಟ್ಟ ಬಿಟ್ಟರೆ ಬಹುತೇಕ ಯಾವಾಗ ಬೇಕಾದರೂ.

ಆದ್ದರಿಂದ ‘ಇನ್‌ಸ್ಟಂಟ್’ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವ ಹೆಸರೇ ಎಂದು ನಮ್ಮ ಅಭಿಪ್ರಾಯ. ‘ತಕ್ಷಣ ಫಲಿಸುತ್ತದೆ’ ಎಂಬ ಅರ್ಥ ಅದಕ್ಕಿಲ್ಲ. ‘ನೀವು ಬಯಸಿದ ಕ್ಷಣದಲ್ಲಿ ಹಾಕಬಹುದು’ ಎಂಬುದೇ ಸರಿಯಾದ ಅರ್ಥ. ಹಾಕಿದ ಮೇಲೆ ಅದೂ ಎಲ್ಲರಂತೆ ಸರತಿಯಲ್ಲಿ ಕಾಯಬೇಕು. ಸರತಿ ಎಂದೆವು, ಆದರೆ ಅದು ರೇಷನ್ ಅಂಗಡಿಯ ಸರತಿಯಲ್ಲ.

ತಟ್ಟೆಗಳ ಅಟ್ಟಿ

ರೇಷನ್ ಅಂಗಡಿಯಲ್ಲಿ ಮೊದಲು ನಿಂತವರಿಗೆ ಮೊದಲು ಅಕ್ಕಿ. ಮದುವೆ ಮನೆಯ ಬಫೆಯಲ್ಲಿ ತಟ್ಟೆಗಳನ್ನು ಅಟ್ಟಿಯಾಗಿ ಪೇರಿಸಿಟ್ಟಿರುತ್ತಾರಲ್ಲ, ಅಲ್ಲಿ ಲೆಕ್ಕ ತಿರುವುಮುರುವು. ಕೊನೆಗೆ ಇಟ್ಟ ತಟ್ಟೆ ಮೇಲಿರುತ್ತದೆ, ಅದನ್ನೇ ಮೊದಲು ತೆಗೆಯುತ್ತಾರೆ. ಎಲ್ಲಕ್ಕಿಂತ ಮೊದಲು ಇಟ್ಟ ತಟ್ಟೆ ತಳದಲ್ಲಿ ಉಳಿದು ಕೊನೆಗೆ ಕೈಗೆ ಬರುತ್ತದೆ. ಮ್ಯಾಜಿಕ್ ಆಟದಲ್ಲಿ ಕಾರ್ಡುಗಳು ಇತ್ಯರ್ಥವಾಗುವುದು ಹೀಗೆಯೇ. ಆ ಅಟ್ಟಿಗೆ ‘ಸ್ಟ್ಯಾಕ್’ ಎಂದು ಹೆಸರು.

ಒಂದು ಉದಾಹರಣೆ ನೋಡೋಣ. ಅಕ್ಕ, ತಮ್ಮ ಆಡುತ್ತಿದ್ದಾರೆ. ತಮ್ಮನ ಬಳಿ ‘ಗ್ರಿಜ್ಲಿ ಬೇರ್ಸ್’ ಎಂಬ ಕರಡಿ ಮೇಜಿನ ಮೇಲಿದೆ. ಅದರ ಮೂಲೆಯಲ್ಲಿ 2/2 ಎಂದಿದೆ: ಹೊಡೆದರೆ ಎರಡು ಪೆಟ್ಟು, ಒಂದೇ ಸರದಿಯಲ್ಲಿ ಎರಡು ಪೆಟ್ಟು ತಿಂದರೆ ಸಾವು. ಅಕ್ಕನ ಕೈಯಲ್ಲಿ ‘ಲೈಟ್ನಿಂಗ್ ಬೋಲ್ಟ್’ ಇದೆ. ಒಂದು ಕೆಂಪು ಮಾನಾ ಕೊಟ್ಟರೆ ಯಾರಿಗಾದರೂ ಮೂರು ಪೆಟ್ಟು. ತಮ್ಮನ ಕೈಯಲ್ಲಿ ‘ಜೈಂಟ್ ಗ್ರೋತ್’ ಇದೆ. ಒಂದು ಹಸಿರು ಮಾನಾ ಕೊಟ್ಟರೆ ಆ ಸರದಿ ಮುಗಿಯುವವರೆಗೆ ಒಂದು ಪ್ರಾಣಿಗೆ +3/+3. ಎರಡೂ ಇನ್‌ಸ್ಟಂಟ್.

ಮೊದಲ ಸಂದರ್ಭ: ಅಕ್ಕ ಕರಡಿಯ ಮೇಲೆ ಸಿಡಿಲು ಹಾಕುತ್ತಾಳೆ. ಕರಡಿ ಸತ್ತಿತು ಎಂದು ಅವಳು ಕಾರ್ಡಿಗೆ ಕೈ ಹಾಕುವಷ್ಟರಲ್ಲಿ ತಮ್ಮ, “ಇರಕ್ಕಾ, ನನ್ನದೂ ಒಂದಿದೆ” ಎಂದು ಜೈಂಟ್ ಗ್ರೋತ್ ಹಾಕುತ್ತಾನೆ. ಅವನಿಗೆ ಆ ಹಕ್ಕಿದೆ. ಈಗ ಅಟ್ಟಿಯಲ್ಲಿ ತಳಕ್ಕೆ ಸಿಡಿಲು, ಮೇಲೆ ಗ್ರೋತ್. ಇಬ್ಬರೂ ‘ಮತ್ತೇನಿಲ್ಲ’ ಎಂದ ಮೇಲೆ ಮೇಲಿನದು ಮೊದಲು ಜಾರಿ: ಕರಡಿ 5/5 ಆಯಿತು. ಆಮೇಲೆ ಸಿಡಿಲು ಬಿತ್ತು: ಮೂರು ಪೆಟ್ಟು. ಐದು ತಡೆದುಕೊಳ್ಳುವ ಕರಡಿಗೆ ಮೂರು ಪೆಟ್ಟು ಏನೂ ಅಲ್ಲ. ಬದುಕಿತು.

ಎರಡನೆಯ ಸಂದರ್ಭ: ತಮ್ಮನಿಗೆ ತಾಳ್ಮೆ ಇಲ್ಲ. ಕರಡಿಯಿಂದ ದಾಳಿ ಮಾಡಿ, ಯಾರೂ ಏನೂ ಮಾಡುವ ಮೊದಲೇ ಜೈಂಟ್ ಗ್ರೋತ್ ಹಾಕುತ್ತಾನೆ. ಈಗ ಅಕ್ಕ ಉತ್ತರವಾಗಿ ಸಿಡಿಲು ಹಾಕುತ್ತಾಳೆ. ತಳದಲ್ಲಿ ಗ್ರೋತ್, ಮೇಲೆ ಸಿಡಿಲು. ಸಿಡಿಲು ಮೊದಲು ಬಿತ್ತು. ಕರಡಿ ಇನ್ನೂ 2/2 ಆಗಿಯೇ ಇದೆ, ಸತ್ತಿತು. ಆಮೇಲೆ ಗ್ರೋತ್‌ನ ಸರದಿ ಬಂದಾಗ ಬೆಳೆಸಲು ಕರಡಿಯೇ ಇಲ್ಲ. ಗುರಿ ಇಲ್ಲದ ಕಾರ್ಡು ಜಾರಿಯಾಗದೆ ರಾಶಿಗೆ ಹೋಗುತ್ತದೆ. ತಮ್ಮ ಕರಡಿಯನ್ನೂ ಕಳೆದುಕೊಂಡ, ಗ್ರೋತ್ ಕಾರ್ಡನ್ನೂ ಕಳೆದುಕೊಂಡ.

ಅದೇ ಇಬ್ಬರು, ಅದೇ ಎರಡು ಕಾರ್ಡು, ಅದೇ ಖರ್ಚು. ಯಾರು ಮೊದಲು ಹಾಕಿದರು ಎಂಬುದು ಮಾತ್ರ ಬೇರೆ, ಫಲಿತಾಂಶ ಪೂರ್ತಿ ಉಲ್ಟಾ. ಎರಡೂ ಸಲ ಗೆದ್ದದ್ದು ಕಾದು ಕೂತವರು ಎಂಬುದನ್ನು ಗಮನಿಸಿ. ಹಳೆಯ ಆಟಗಾರರು ಇನ್‌ಸ್ಟಂಟನ್ನು ಕೈಯಲ್ಲಿ ಹಿಡಿದು, ಎರಡು ಲ್ಯಾಂಡ್ ತಿರುಗಿಸದೆ ಉಳಿಸಿ, ಸುಮ್ಮನೆ ಮುಗುಳ್ನಗುತ್ತ ಕೂರುವುದು ಇದಕ್ಕೇ. ಕೈಯಲ್ಲಿ ಏನೂ ಇಲ್ಲದಿದ್ದರೂ ಹಾಗೆ ಕೂರುವವರೂ ಇದ್ದಾರೆ. ಅದು ಆಟದ ಅರ್ಧ ಸೊಗಸು.

ಇಲ್ಲಿ ಟಿವಿಯ ಮಹಾಭಾರತ ನೆನಪಾಗಬಹುದು. ಒಬ್ಬ ಆಗ್ನೇಯಾಸ್ತ್ರ ಬಿಡುತ್ತಾನೆ, ಇನ್ನೊಬ್ಬ ವಾರುಣಾಸ್ತ್ರ ಬಿಡುತ್ತಾನೆ, ಎರಡೂ ಆಕಾಶದಲ್ಲಿ ಡಿಕ್ಕಿ ಹೊಡೆಯುತ್ತವೆ. ಹೋಲಿಕೆ ಹತ್ತಿರದ್ದೇ, ಒಂದು ತಿದ್ದುಪಡಿ ಬೇಕು: ಮ್ಯಾಜಿಕ್‌ನಲ್ಲಿ ಎರಡನೆಯ ಬಾಣ ಮೊದಲನೆಯದನ್ನು ಅರ್ಧ ದಾರಿಯಲ್ಲಿ ಎದುರಿಸುವುದಿಲ್ಲ. ಮೊದಲ ಬಾಣ ಗಾಳಿಯಲ್ಲಿ ಹಾಗೇ ನಿಲ್ಲುತ್ತದೆ. ಎರಡನೆಯದು ತನ್ನ ಕೆಲಸ ಪೂರ್ತಿ ಮುಗಿಸುತ್ತದೆ. ನಂತರ ಮೊದಲನೆಯದು ಮುಂದುವರಿಯುತ್ತದೆ.

ಆಡುವವರಲ್ಲಿ ಹೆಚ್ಚು ಕೇಳಿಬರುವ ತಪ್ಪುಗಳು

“ಸರದಿ ಮುಗಿದಾಗ ಗ್ರೋತ್ ಹೋಗುತ್ತದೆ, ಆಗ ಕರಡಿಗೆ ಮೂರು ಪೆಟ್ಟಿನ ಗಾಯ ಇದೆಯಲ್ಲ, ಸಾಯಲೇಬೇಕು.” ಮೇಲಿನ ಮೊದಲ ಸಂದರ್ಭದಲ್ಲಿ ಸೋತ ಅಕ್ಕ ಹೀಗೆ ವಾದಿಸಬಹುದು, ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ನಿಯಮ ಇದನ್ನು ಮೊದಲೇ ಊಹಿಸಿದೆ. ಸರದಿಯ ಕೊನೆಯಲ್ಲಿ ಗಾಯ ಮಾಯುವುದೂ ‘ಈ ಸರದಿ ಮುಗಿಯುವವರೆಗೆ’ ಎಂಬ ಪರಿಣಾಮ ಹೋಗುವುದೂ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಮಧ್ಯೆ ಕೂದಲೆಳೆಯಷ್ಟು ಸಂದೂ ಇಲ್ಲ. ಕರಡಿ ಬದುಕುತ್ತದೆ.

“ಹೊಡೆಯುವವನನ್ನೇ ಕೊಂದರೆ ಪೆಟ್ಟು ನಿಲ್ಲುತ್ತದೆ.” ನಿಲ್ಲುವುದಿಲ್ಲ. ‘ಪ್ರಾಡಿಗಲ್ ಸಾರ್ಸರರ್’ ಎಂಬ ಹಳೆಯ ಕಾರ್ಡಿದೆ. ಅವನನ್ನು ಅಡ್ಡ ತಿರುಗಿಸಿದರೆ ಯಾರಿಗಾದರೂ ಒಂದು ಪೆಟ್ಟು. ತಿರುಗಿಸಿದ ಮೇಲೆ ನೀವು ಉತ್ತರವಾಗಿ ಸಿಡಿಲು ಹಾಕಿ ಅವನನ್ನು ಕೊಂದಿರಿ ಎನ್ನಿ. ಅವನು ಸಾಯುತ್ತಾನೆ, ಆದರೆ ಆ ಒಂದು ಪೆಟ್ಟು ಅಟ್ಟಿಯಲ್ಲಿ ಆಗಲೇ ಕೂತಿದೆ, ಅದು ಬಂದೇ ಬರುತ್ತದೆ. ಬಿಲ್ಲುಗಾರ ಬಿದ್ದರೂ ಬಿಟ್ಟ ಬಾಣ ವಾಪಸು ಬರುವುದಿಲ್ಲವಲ್ಲ, ಹಾಗೆ.

“ಕೌಂಟರ್‌ಸ್ಪೆಲ್ ಹಾಕಿದರೆ ಎದುರಾಳಿಗೆ ಮಾನಾ ವಾಪಸು ಸಿಗುತ್ತದೆ.” ಸಿಗುವುದಿಲ್ಲ. ‘ಕೌಂಟರ್‌ಸ್ಪೆಲ್’ ಎರಡು ನೀಲಿ ಮಾನಾದ ಇನ್‌ಸ್ಟಂಟ್. ಅಟ್ಟಿಯಲ್ಲಿರುವ ಒಂದು ಸ್ಪೆಲ್ಲನ್ನು ರದ್ದು ಮಾಡುತ್ತದೆ. ರದ್ದಾದ ಕಾರ್ಡು ರಾಶಿಗೆ, ಕೊಟ್ಟ ಕಾಸು ಹೋಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಕರಡಿ ಆಗಲೇ ಮೇಜಿಗೆ ಬಂದು ಕೂತಿದ್ದರೆ ಅದು ಸ್ಪೆಲ್ ಅಲ್ಲ, ಪ್ರಾಣಿ. ಕೌಂಟರ್‌ಸ್ಪೆಲ್‌ಗೆ ಅದರ ಮೇಲೆ ಅಧಿಕಾರವಿಲ್ಲ. ತಡವಾಯಿತು. ಲ್ಯಾಂಡ್ ಇಡುವುದು ಸ್ಪೆಲ್ ಅಲ್ಲವೇ ಅಲ್ಲ, ಅದನ್ನು ಯಾರೂ ರದ್ದು ಮಾಡಲಾರರು. ಲ್ಯಾಂಡ್ ತಿರುಗಿಸಿ ಮಾನಾ ಪಡೆಯುವುದೂ ಅಟ್ಟಿಗೆ ಹೋಗುವುದಿಲ್ಲ. ಅದಕ್ಕೆ ಉತ್ತರ ಹಾಕುತ್ತೇನೆ ಎನ್ನುವಂತಿಲ್ಲ.

ನಿಜವಾಗಿಯೂ ಉತ್ತರ ಕೊಡಲಾಗದ ಕಾರ್ಡುಗಳೂ ಇವೆ. 2006ರಲ್ಲಿ ಬಂದ ‘ಸ್ಪ್ಲಿಟ್ ಸೆಕೆಂಡ್’ ಎಂಬ ಗುಣವಿರುವ ಕಾರ್ಡು ಅಟ್ಟಿಯಲ್ಲಿರುವಷ್ಟು ಹೊತ್ತು ಬೇರೆ ಸ್ಪೆಲ್ ಹಾಕುವಂತಿಲ್ಲ. ಹೊಸಬರು ಇನ್‌ಸ್ಟಂಟ್ ಬಗ್ಗೆ ಏನು ಅಂದುಕೊಂಡಿರುತ್ತಾರೋ ಅದು ಇದಕ್ಕೆ ಹೆಚ್ಚು ಒಪ್ಪುತ್ತದೆ. ಅದನ್ನು ಕಾರ್ಡಿನಲ್ಲೇ ಬರೆದಿರುತ್ತಾರೆ. ಕಾರ್ಡಿನ ಮೇಲಿನ ಮಾತಿಗೂ ಸಾಮಾನ್ಯ ನಿಯಮಕ್ಕೂ ಜಗಳ ಬಂದರೆ ಕಾರ್ಡಿನ ಮಾತೇ ಗೆಲ್ಲುತ್ತದೆ, ಇದು ಈ ಆಟದ ಮೂಲ ಸೂತ್ರ.

ಒಂದು ಮಾನಾಗೆ ಮೂರು

ಮೊದಲ ಮುದ್ರಣದಲ್ಲೇ ಗಾರ್ಫೀಲ್ಡ್ ಐದು ಬಣ್ಣಕ್ಕೆ ಒಂದೊಂದರಂತೆ ಐದು ಪುಟ್ಟ ಕಾರ್ಡು ಇಟ್ಟರು. ಎಲ್ಲಕ್ಕೂ ಬೆಲೆ ಒಂದೇ ಮಾನಾ, ಎಲ್ಲವೂ ಕೊಡುವುದು ಯಾವುದೋ ಒಂದನ್ನು ಮೂರರಷ್ಟು. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಪೆಟ್ಟು. ಹಸಿರಿನ ಜೈಂಟ್ ಗ್ರೋತ್ ಮೂರು ಬಲ. ಬಿಳಿಯ ‘ಹೀಲಿಂಗ್ ಸಾಲ್ವ್’ ಮೂರು ಪ್ರಾಣ ಕೊಡುತ್ತದೆ ಅಥವಾ ಮೂರು ಪೆಟ್ಟು ತಡೆಯುತ್ತದೆ. ಕಪ್ಪಿನ ‘ಡಾರ್ಕ್ ರಿಚುಯಲ್’ ಒಂದು ಕಪ್ಪು ಮಾನಾ ತೆಗೆದುಕೊಂಡು ಮೂರು ಕೊಡುತ್ತದೆ. ನೀಲಿಯ ‘ಆನ್ಸೆಸ್ಟ್ರಲ್ ರಿಕಾಲ್’ ಕಟ್ಟಿನಿಂದ ಮೂರು ಕಾರ್ಡು ಎಳೆಯಲು ಬಿಡುತ್ತದೆ. ಇವತ್ತಿನ ನಿಯಮದಲ್ಲಿ ಐದೂ ಇನ್‌ಸ್ಟಂಟ್.

ಕಾಗದದ ಮೇಲೆ ಐದೂ ಸಮ. ಆಟದಲ್ಲಿ ಸಮವಲ್ಲವೇ ಅಲ್ಲ. ಇಪ್ಪತ್ತರಲ್ಲಿ ಮೂರು ಪ್ರಾಣ ಹೆಚ್ಚಾದರೆ ಅದು ಸೋಲನ್ನು ಸ್ವಲ್ಪ ಮುಂದೂಡಿತು ಅಷ್ಟೆ. ಹೀಲಿಂಗ್ ಸಾಲ್ವ್ ಅನ್ನು ಗಂಭೀರವಾಗಿ ಆಡುವವರು ಇಡುವುದಿಲ್ಲ. ಒಂದು ಕಾರ್ಡು ಕೊಟ್ಟು ಮೂರು ಕಾರ್ಡು ಪಡೆದರೆ ಕೈಯಲ್ಲಿ ಎರಡು ಕಾರ್ಡು ನಿವ್ವಳ ಲಾಭ. ಆ ಮೂರರಲ್ಲಿ ಸಿಡಿಲೂ ಇರಬಹುದು, ಕೌಂಟರ್‌ಸ್ಪೆಲ್ಲೂ ಇರಬಹುದು. ಆದ್ದರಿಂದಲೇ ಆನ್ಸೆಸ್ಟ್ರಲ್ ರಿಕಾಲ್ ಆಟದ ಇತಿಹಾಸದ ಅತಿ ಬಲಿಷ್ಠ ಕಾರ್ಡುಗಳಲ್ಲಿ ಒಂದು. ‘ವಿಂಟೇಜ್’ ಎಂಬ ಮಾದರಿಯ ಆಟದಲ್ಲಿ ಅದನ್ನು ಕಟ್ಟಿಗೆ ಒಂದೇ ಒಂದು ಇಡಬಹುದು, ‘ಲೆಗಸಿ’ ಮಾದರಿಯಲ್ಲಿ ಪೂರ್ತಿ ನಿಷೇಧ. ಗಣಿತ ಓದಿದವರೇ ಮಾಡಿದ ಆಟದಲ್ಲೂ ‘ಮೂರು ಎಂದರೆ ಮೂರೇ’ ಅಲ್ಲ. ಯಾವುದರ ಮೂರು ಎಂದು ಕೇಳಬೇಕು.

ಹಳೆಯ ಕಾರ್ಡಿನಲ್ಲಿ ಬೇರೆ ಪದ ಏಕೆ?

1999ಕ್ಕಿಂತ ಹಿಂದಿನ ಕೌಂಟರ್‌ಸ್ಪೆಲ್ ಕಾರ್ಡು ಸಿಕ್ಕರೆ ಅದರಲ್ಲಿ ‘ಇನ್‌ಸ್ಟಂಟ್’ ಎಂದು ಇರುವುದಿಲ್ಲ, ‘ಇಂಟರಪ್ಟ್’ ಎಂದು ಇರುತ್ತದೆ. ಇನ್‌ಸ್ಟಂಟಿಗಿಂತಲೂ ಬೇಗದ ಇನ್ನೊಂದು ಬಗೆ ಆಗ ಇತ್ತು. ಯಾವುದು ಯಾವುದಕ್ಕಿಂತ ಬೇಗ ಎಂದು ಆಟಗಾರರು ತಲೆ ಚಚ್ಚಿಕೊಳ್ಳುತ್ತಿದ್ದರು. 1999ರಲ್ಲಿ ಆರನೆಯ ಆವೃತ್ತಿಯ ನಿಯಮಗಳು ಬಂದಾಗ ಇಂಟರಪ್ಟ್ ಪದವನ್ನು ತೆಗೆದು ಎಲ್ಲವನ್ನೂ ಇನ್‌ಸ್ಟಂಟ್ ಮಾಡಿದರು. ಈಗಿನ ‘ಸ್ಟ್ಯಾಕ್’ ನಿಯಮ ಬಂದದ್ದೂ ಆಗಲೇ. ಹಳೆಯ ಕಾರ್ಡಿನಲ್ಲಿ ಏನೇ ಅಚ್ಚಾಗಿರಲಿ, ಇಂದಿನ ನಿಯಮದ ಪ್ರಕಾರವೇ ಓದಬೇಕು. ಹಾಗೆಯೇ ಹಳೆಯ ಪ್ರಾಣಿ ಕಾರ್ಡುಗಳ ಮೇಲೆ ‘ಸಮನ್’ ಎಂದಿರುತ್ತದೆ. ‘ಆವಾಹನೆ’ ಎಂದು ಅನುವಾದ ಮಾಡಿ ಗಾಬರಿಯಾಗಬೇಡಿ; ಈಗ ಅದೇ ಜಾಗದಲ್ಲಿ ‘ಕ್ರೀಚರ್’ ಎಂದು ಅಚ್ಚು ಹಾಕುತ್ತಾರೆ.

ಸ್ಟ್ಯಾಕ್, ಇಂಟರಪ್ಟ್ ಎರಡೂ ಕಂಪ್ಯೂಟರ್ ಓದಿದವರಿಗೆ ಪರಿಚಿತ ಪದಗಳು. ಈ ಲೇಖನ ಓದುತ್ತಿರುವ ಫೋನಿನಲ್ಲೂ ಸ್ಟ್ಯಾಕ್ ಇದೆ. ವಾಟ್ಸಾಪ್‌ನಿಂದ ಒಂದು ಲಿಂಕ್ ಒತ್ತಿ, ಅದರೊಳಗಿನ ಇನ್ನೊಂದು ಲಿಂಕ್ ಒತ್ತಿ, ನಂತರ ‘ಬ್ಯಾಕ್’ ಒತ್ತುತ್ತ ಬನ್ನಿ: ಕೊನೆಗೆ ತೆರೆದದ್ದು ಮೊದಲು ಮುಚ್ಚುತ್ತದೆ, ವಾಟ್ಸಾಪ್ ಕೊನೆಗೆ ಬರುತ್ತದೆ. ಟೈಪ್ ಮಾಡುವಾಗ ‘ಅನ್‌ಡು’ ಒತ್ತಿದರೆ ಕೊನೆಯ ತಪ್ಪು ಮೊದಲು ಅಳಿಯುವುದೂ ಇದೇ ಲೆಕ್ಕ. ಕಂಪ್ಯೂಟರ್ ಪ್ರೋಗ್ರಾಂ ಒಂದು ಕೆಲಸದ ಮಧ್ಯೆ ಇನ್ನೊಂದು ಕೆಲಸಕ್ಕೆ ಹೋದಾಗ, ಮೊದಲಿನದನ್ನು ಅಟ್ಟಿಯಲ್ಲಿಟ್ಟು, ಎರಡನೆಯದು ಮುಗಿದ ಮೇಲೆ ಮರಳಿ ಬರುತ್ತದೆ. ಇನ್‌ಸ್ಟಂಟ್ ಅರ್ಥವಾದ ಮಗುವಿಗೆ ಮುಂದೆ ಕಂಪ್ಯೂಟರ್ ಪಾಠದಲ್ಲಿ ‘ಕೊನೆಗೆ ಬಂದದ್ದು ಮೊದಲು ಹೊರಗೆ’ ಎಂಬ ಸಾಲು ಬಂದಾಗ ಹೊಸದೆನಿಸುವುದಿಲ್ಲ.

ಇದು ಬರೀ ಹೋಲಿಕೆಯೂ ಅಲ್ಲ. ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು 2019ರಲ್ಲಿ ಒಂದು ಪ್ರಬಂಧ ಬರೆದರು. ಸರಿಯಾದ ಕಾರ್ಡುಗಳನ್ನು ಜೋಡಿಸಿದರೆ ಮ್ಯಾಜಿಕ್ ಆಟದೊಳಗೇ ಟ್ಯೂರಿಂಗ್ ಯಂತ್ರವನ್ನು, ಅಂದರೆ ಕಂಪ್ಯೂಟರಿನ ಗಣಿತ ಮಾದರಿಯನ್ನು, ಕಟ್ಟಬಹುದು ಎಂದು ಅವರು ತೋರಿಸಿದರು. ಅದರಿಂದ ಹೊರಡುವ ವಿಚಿತ್ರ ತೀರ್ಮಾನ: ಇಂಥ ಒಂದು ಆಟದಲ್ಲಿ ಮುಂದಿನ ಎಲ್ಲ ನಡೆಗಳೂ ಬಲವಂತದ ನಡೆಗಳೇ ಆಗಿದ್ದರೂ, ಕೊನೆಗೆ ಯಾರು ಗೆಲ್ಲುತ್ತಾರೆ ಎಂದು ಎಲ್ಲ ಸಂದರ್ಭಕ್ಕೂ ಹೇಳಬಲ್ಲ ಪ್ರೋಗ್ರಾಂ ಬರೆಯಲು ಸಾಧ್ಯವೇ ಇಲ್ಲ.

ಹಾಗಾದರೆ ಮಾಟದ ಭಯ ಎಲ್ಲಿಂದ ಬಂತು?

ಇದು ನಮ್ಮಲ್ಲಿ ಹುಟ್ಟಿದ ಭಯವಲ್ಲ. 1980ರ ದಶಕದ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಥೆಯಾಟ ಮಕ್ಕಳನ್ನು ಸೈತಾನನ ಕಡೆ ಎಳೆಯುತ್ತದೆ ಎಂಬ ದೊಡ್ಡ ಹುಯಿಲೆದ್ದಿತ್ತು. ಮ್ಯಾಜಿಕ್ ಬಂದಾಗ ಆ ಗಾಳಿ ಇನ್ನೂ ಇಳಿದಿರಲಿಲ್ಲ. ಕಂಪನಿಯೂ ಹೆದರಿತು. 1990ರ ದಶಕದ ನಡುವಿನಿಂದ ‘ಡೀಮನ್’ ಎಂಬ ಬಗೆಯ ಹೊಸ ಪ್ರಾಣಿ ಕಾರ್ಡು ಮುದ್ರಿಸುವುದನ್ನೇ ನಿಲ್ಲಿಸಿತು. ‘ಅನ್‌ಹೋಲಿ ಸ್ಟ್ರೆಂತ್’ ಎಂಬ ಕಾರ್ಡಿನ ಚಿತ್ರದಲ್ಲಿದ್ದ ಐದು ಮೂಲೆಯ ನಕ್ಷತ್ರವನ್ನು ಮುಂದಿನ ಮುದ್ರಣಗಳಲ್ಲಿ ಅಳಿಸಿತು. ಡೀಮನ್‌ಗಳು ಮರಳಿದ್ದು 2002ರಲ್ಲಿ.

ಅದೇ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಕೆಲವು ಪೋಷಕರು ಶಾಲಾ ಆಡಳಿತದ ಮೇಲೆ ದಾವೆ ಹೂಡಿದರು. ಶಾಲೆಯಲ್ಲಿ ಮಕ್ಕಳು ಮ್ಯಾಜಿಕ್ ಆಡುವುದು ಅವರ ದೂರುಗಳಲ್ಲಿ ಒಂದು. ಇದು ತಮ್ಮ ನಂಬಿಕೆಗೆ ವಿರುದ್ಧವಾದ ವಾಮಾಚಾರ ಎಂಬುದು ಅವರ ವಾದ. ಕಾರ್ಡಿನ ಕುರಿತ ದೂರನ್ನು ನ್ಯಾಯಾಲಯ 1999ರ ತೀರ್ಪಿನಲ್ಲಿ ಒಪ್ಪಲಿಲ್ಲ. ನಾವು ಈ ಮೊಕದ್ದಮೆಯನ್ನು ನೆನೆಯಲು ಇನ್ನೊಂದು ಕಾರಣವಿದೆ. ಅದೇ ದಾವೆಯಲ್ಲಿ ಆಕ್ಷೇಪಕ್ಕೆ ಒಳಗಾದ ಇನ್ನೊಂದು ಸಂಗತಿ, ಭಾರತದ ಬಗ್ಗೆ ಪಾಠ ಮಾಡುವಾಗ ಮಕ್ಕಳ ಕೈಯಲ್ಲಿ ಗಣೇಶನ ಆಕೃತಿ ಮಾಡಿಸಿದ್ದು. ನಮ್ಮ ಮಕ್ಕಳು ಪ್ರತಿ ಚೌತಿಗೆ ಜೇಡಿಮಣ್ಣು ಕಲಸಿ ಮಾಡುವ ಗಣಪ ಮತ್ತು ಈ ಕಾರ್ಡು, ಎರಡೂ ಒಂದೇ ದೂರಿನೊಳಗೆ ಇದ್ದವು.

ಕಾರ್ಡಿನ ಫೋಟೊ ಬಂದರೆ ಏನು ನೋಡಬೇಕು?

ಎಡ ಮೇಲೆ ಹೆಸರು, ಬಲ ಮೇಲೆ ಬೆಲೆ, ಚಿತ್ರದ ಕೆಳಗಿನ ಸಾಲಿನಲ್ಲಿ ಬಗೆ, ಅದರ ಕೆಳಗೆ ಕಾರ್ಡು ಏನು ಮಾಡುತ್ತದೆ ಎಂಬ ಪಠ್ಯ. ಎಷ್ಟೋ ಕಾರ್ಡುಗಳಲ್ಲಿ ಕೊನೆಗೆ ವಾಲಿದ ಅಕ್ಷರದಲ್ಲಿ ಒಂದೆರಡು ಸಾಲು ಇರುತ್ತದೆ. ನೋಡಿದವರಿಗೆ ‘ಶಾಪ’ದಂತೆ ಕಾಣುವುದು ಹೆಚ್ಚಾಗಿ ಈ ವಾಲಿದ ಸಾಲುಗಳೇ. ಅವು ಕಥೆಯ ರುಚಿಗೆ ಹಾಕಿದ ಒಗ್ಗರಣೆ. ಆಟದಲ್ಲಿ ಅವಕ್ಕೆ ಯಾವ ಪರಿಣಾಮವೂ ಇಲ್ಲ, ಅದನ್ನು ಯಾರೂ ಜಪಿಸುವುದೂ ಇಲ್ಲ.

ಪೋಷಕರು ನಿಜವಾಗಿ ಕೇಳಬೇಕಾದ ಪ್ರಶ್ನೆ ದುಡ್ಡಿನದು ಎಂದು ನಮಗೆ ಅನಿಸುತ್ತದೆ. ಈ ಕಾರ್ಡುಗಳು ಮೊಹರು ಮಾಡಿದ ಪ್ಯಾಕೆಟ್‌ನಲ್ಲಿ ಬರುತ್ತವೆ. ಒಳಗೆ ಯಾವುದಿದೆ ಎಂದು ಕೊಳ್ಳುವಾಗ ಗೊತ್ತಿರುವುದಿಲ್ಲ. ‘ಇನ್ನೊಂದು ಪ್ಯಾಕೆಟ್, ಈ ಸಲ ಬಂದೇ ಬರುತ್ತೆ’ ಎಂಬ ಆಸೆ ಯಾವ ಮಂತ್ರಕ್ಕಿಂತಲೂ ಗಟ್ಟಿ. ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳುವುದು ಸಾಮಾನ್ಯವಾಗಿ ಅಗ್ಗ. ಇದರ ಇನ್ನೊಂದು ಮುಖ ‘ಹಳೆಯ ಮ್ಯಾಜಿಕ್ ಕಾರ್ಡಿಗೆ ಕೋಟಿ ಬೆಲೆ’ ಎಂಬ ಸುದ್ದಿ. ಸುಳ್ಳಲ್ಲ, ಆದರೆ ಅರ್ಧ. 2021ರ ಜನವರಿಯಲ್ಲಿ ‘ಬ್ಲ್ಯಾಕ್ ಲೋಟಸ್’ ಎಂಬ ಕಾರ್ಡಿನ ಒಂದು ಪ್ರತಿ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. ಅದು 1993ರ ಮೊದಲ ಮುದ್ರಣದ್ದು, ಆ ಮುದ್ರಣದಲ್ಲಿ ಅಂಥ ಅಪರೂಪದ ಕಾರ್ಡುಗಳು ತಲಾ ಸುಮಾರು 1,100 ಮಾತ್ರ. ಜೊತೆಗೆ ಅದು ಹೊಸದರಂತೆ ಉಳಿದಿತ್ತು. ಮತ್ತೆ ಮತ್ತೆ ಮುದ್ರಣವಾಗಿರುವ ಲೈಟ್ನಿಂಗ್ ಬೋಲ್ಟ್ ನಿಮ್ಮ ಮನೆಯಲ್ಲಿದ್ದರೆ ಅದರಿಂದ ಸೈಟು ಕೊಳ್ಳಲಾಗದು.

ಫೋಟೊದಲ್ಲಿರುವುದು ಮ್ಯಾಜಿಕ್ ಕಾರ್ಡೇ ಅಲ್ಲದೆಯೂ ಇರಬಹುದು. ‘ಯು-ಗಿ-ಓಹ್’ ಕಾರ್ಡುಗಳ ಮೇಲೂ ‘ಸ್ಪೆಲ್’ ಎಂದಿರುತ್ತದೆ. ಅಲ್ಲಿನ ‘ನಾರ್ಮಲ್ ಸ್ಪೆಲ್’ ಇಲ್ಲಿನ ಸಾರ್ಸರಿಗೆ ಹತ್ತಿರ, ಸ್ವಂತ ಸರದಿಯಲ್ಲಿ ಮಾತ್ರ. ‘ಕ್ವಿಕ್-ಪ್ಲೇ’ ಸ್ಪೆಲ್ ಇನ್‌ಸ್ಟಂಟಿಗೆ ಹತ್ತಿರ, ಆದರೆ ಎದುರಾಳಿಯ ಸರದಿಯಲ್ಲಿ ಬಳಸಬೇಕಾದರೆ ಮೊದಲೇ ಮೇಜಿನ ಮೇಲೆ ಮಗುಚಿ ಇಟ್ಟಿರಬೇಕು. ಅವರು ಅಟ್ಟಿಯನ್ನು ‘ಚೈನ್’ ಎನ್ನುತ್ತಾರೆ. ಇತ್ಯರ್ಥ ಅಲ್ಲಿಯೂ ಕೊನೆಯಿಂದ ಮೊದಲಿಗೆ. ಪೋಕೆಮಾನ್ ಕಾರ್ಡಾದರೆ ಈ ತಲೆನೋವು ಇಲ್ಲ. ಅಲ್ಲಿ ಎದುರಾಳಿಯ ಸರದಿಯಲ್ಲಿ ಕೈಯಿಂದ ಕಾರ್ಡು ಹಾಕುವಂತಿಲ್ಲ. ತಮ್ಮ ಎಷ್ಟೇ “ಇರಕ್ಕಾ” ಅಂದರೂ ಅಕ್ಕ ನಿಲ್ಲಬೇಕಾಗಿಲ್ಲ.